ಬೆಚ್ಚಗಾದ ಬಾಟಲಿ

ಮರುದಿನ ಪರಿಶೀಲನಾ ಸಮಿತಿ ಬರುವುದಿತ್ತು. ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಅಂಥ ಮುನ್ನಾದಿನವೆಂದರೆ ಸುಣ್ಣ, ರಂಗೋಲಿ, ಮಿಂಚುವ ಗಾಜು. ಕಮಲಾಪುರದಿಂದ ದಿನವೂ ಬಸ್ಸಿಗೆ ಬರುತ್ತಿದ್ದ ಲ್ಯಾಬಿನ ಅಟೆಂಡರ್ ಅಕ್ಕ ಬೆಳಗಿನಿಂದ ಒದ್ದೆ ಬಟ್ಟೆ ಹಿಡಿದು, ಬಾಟಲಿಗಳ ಮೇಲಿನ ಕಲೆಬಿದ್ದ ಹಳೆಯ ಚೀಟಿಗಳನ್ನೆಲ್ಲ ಕೆರೆದು ತೆಗೆದಿದ್ದರು. ಹಾಗೆ ಮಾಡಲು ಹೇಳಿದವನು ನಾನೇ, ಅಲ್ಲಿನ ರಸಾಯನಶಾಸ್ತ್ರ ಉಪನ್ಯಾಸಕ. ಹೊಸ ಚೀಟಿ ಸಂಜೆ ಅಂಟಿಸಿದರಾಯಿತು ಎಂದುಕೊಂಡಿದ್ದೆ.

ಕೊನೆಗೆ ಸಿಂಕಿನ ಪಕ್ಕ ಎರಡು ಕಂದು ಬಾಟಲಿ ಉಳಿದವು. ಎರಡರಲ್ಲೂ ಏನೋ ಸ್ವಲ್ಪ ಸ್ವಲ್ಪ ಇತ್ತು.

"ಸರ್, ಇವು ಯಾವ್ರಿ?"

ನಾನು ಹತ್ತಿರ ಹೋಗಿ ನೋಡಲೂ ಇಲ್ಲ. "ಪ್ರಾಕ್ಟಿಕಲ್ ಮುಗಿದ ಮ್ಯಾಲೆ ತೊಳೆದ ನೀರಿರಬೇಕು ಅಕ್ಕ. ಎರಡೂ ಒಂದರಾಗ ಸುರುವಿ ಬಿಗಿ ಮುಚ್ಚಿಡ್ರಿ. ನಾಳಿ ವಾಸನಿ ಬರಬಾರದು."

ಅವರು ಸುರಿದರು. ಉಪ್ಪಿನಕಾಯಿ ಭರಣಿ ಮುಚ್ಚುವಂತೆ, ಸೆರಗು ಹಿಡಿದು ಮುಚ್ಚಳ ಬಿಗಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕರೆದರು.

"ಸರ್, ಬಾಟ್ಲಿ ಬೆಚ್ಚಗಾಗ್ಯಾದ್ರಿ."

"ನಮ್ಮೂರ ಬಿಸಿಲಿಗೆ ಮಂದೀನೇ ಕುದಿಯಾಕತ್ತಾರ, ಬಾಟ್ಲಿದೇನು ಅಕ್ಕ?"

"ಹೌದ್ ಬಿಡ್ರಿ, ನಿಮ್ಮ ತಲೀನೂ ಕಾದದ," ಎಂದು ನಕ್ಕು, ಅದನ್ನೆತ್ತಿಕೊಂಡು ಕಪಾಟಿನತ್ತ ನಡೆದರು.

ಅಲ್ಲಿಂದ ಕಪಾಟಿಗೆ ಐದಾರು ಹೆಜ್ಜೆ. ಇಂದಿಗೂ ನನ್ನ ಮನಸ್ಸು ಆ ಹೆಜ್ಜೆಗಳನ್ನೇ ಎಣಿಸುತ್ತದೆ. ಪ್ರತಿ ಹೆಜ್ಜೆಗೂ "ಇಟ್ಟುಬಿಡ್ರಿ, ಹೊರಗ ನಡೀರಿ" ಎನ್ನಲು ಸಮಯವಿತ್ತು.

ಬಾಟಲಿ ಅವರ ಕೈಯಲ್ಲೇ ಒಡೆಯಿತು. ಒಂದರಲ್ಲಿದ್ದದ್ದು ನೈಟ್ರಿಕ್ ಆಮ್ಲ, ಇನ್ನೊಂದರಲ್ಲಿ ಸ್ಪಿರಿಟ್ ಎಂದು ಆಮೇಲೆ ತಿಳಿಯಿತು; ಎರಡೂ ಬೆರೆತರೆ ಕಾದು ಅನಿಲ ಉಕ್ಕುತ್ತದೆ, ಬಿಗಿ ಮುಚ್ಚಿದ ಬಾಟಲಿ ಸಿಡಿಯುತ್ತದೆ. ಕಂದು ಹೊಗೆಯಲ್ಲಿ ಅವರನ್ನು ಎಳೆದುಕೊಂಡು ಹೋಗಿ ಹೊರಗಿನ ನಲ್ಲಿಯ ಕೆಳಗೆ ಮುಖ ಹಿಡಿದೆ.

"ಕಣ್ಣು ತೆರೀರಿ ಅಕ್ಕ, ಕಣ್ಣು ತೆರೀರಿ!"

"ತೆರದೇ ಅದಾವ್ರಿ ಸರ್. ಏನೂ ಕಾಣವಲ್ದು."

ಎಡಗಣ್ಣು ಉಳಿಯಿತು. ಬಲಗಣ್ಣು ಉಳಿಯಲಿಲ್ಲ. ಕಾಲೇಜಿನ ವರದಿಯಲ್ಲಿ "ಅಟೆಂಡರರ ಅಜಾಗರೂಕತೆ" ಎಂದು ಬರೆದಿತ್ತು. ಕೆಳಗೆ ನನ್ನ ಸಹಿ.

ಈಗ ನಮ್ಮ ಲ್ಯಾಬಿನಲ್ಲಿ ತ್ಯಾಜ್ಯದ ಪ್ರತಿ ಬಾಟಲಿಗೂ ಮೊದಲು ಚೀಟಿ, ಆಮೇಲೆ ಹನಿ. ಒಳಗೇನಿದೆ, ಯಾರು ಹಾಕಿದರು, ಯಾವ ದಿನ. ಆಮ್ಲ ಒಂದು ಮೂಲೆಗೆ, ಸ್ಪಿರಿಟ್ ಇನ್ನೊಂದಕ್ಕೆ. ಖಾಲಿ ಬಾಟಲಿಗೂ "ಖಾಲಿ" ಎಂದು ಬರೆದು ಅಂಟಿಸುತ್ತೇನೆ. ಹುಡುಗರು ನಗುತ್ತಾರೆ.

ಕಳೆದ ತಿಂಗಳು ಕಮಲಾಪುರಕ್ಕೆ ಹೋದೆ. ಅಕ್ಕ ಚಹಾ ಕೊಟ್ಟು ಮೆಲ್ಲಗೆ ಹೇಳಿದರು: "ನೀವು ಸುರುವು ಅಂದದ್ದು ನಾ ಯಾರ ಮುಂದೂ ಹೇಳಿಲ್ರಿ ಸರ್."

ಜೇಬಿನಿಂದ ಒಂದು ಪತ್ರದ ಪ್ರತಿ ತೆಗೆದೆ. ಪ್ರಾಂಶುಪಾಲರಿಗೆ ಬರೆದದ್ದು, ಮೂಲವನ್ನು ಅಂದು ಬೆಳಿಗ್ಗೆಯೇ ಅವರ ಕೈಗೆ ಕೊಟ್ಟು ಬಂದಿದ್ದೆ. ಓದಿ ಹೇಳಿದೆ. ಅವರು ಒಂದೇ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು.

"ಇನ್ನೊಮ್ಮೆ ಓದ್ರಿ. 'ನಾನೇ ಹೇಳಿದೆ' ಅಂಬೋದಷ್ಟು."

ಓದಿದೆ. ಕೈಯಲ್ಲಿನ ಲೋಟ ಬೆಚ್ಚಗಿತ್ತು. ಹಿಡಿದಿರಲಾಗದೆ ಕೆಳಗಿಟ್ಟೆ.