ಶಿವರುದ್ರಪ್ಪನವರ ಎರಡು ಸಾವಿರದ ನಲವತ್ತೇಳು

ಚಾಮರಾಜಪೇಟೆಯ ಶಿವರುದ್ರಪ್ಪನವರಿಗೆ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಮಿಲ್ಲಿನಿಂದ ಬಂದ ಥಾನನ್ನು ತಾವೇ ಮತ್ತೊಮ್ಮೆ ಅಳೆಯದೆ ಕಪಾಟಿಗೆ ಸೇರಿಸಿದವರಲ್ಲ. ಹಾಲಿನ ಮುನಿಯಮ್ಮ ದಿನಾ ಬೆಳಿಗ್ಗೆ ಪಾತ್ರೆ ಬೋರಲು ಹಾಕಿ ತೋರಿಸಿಯೇ ಅವರೆದುರು ಹಸು ಕರೆಯಬೇಕಿತ್ತು.

೧೯೫೨ರ ಬೇಸಿಗೆಯಲ್ಲಿ ಮಗಳು ಮಹಾನಂದಳನ್ನು ನೋಡಲು ಮುರುಗೇಶ ಬಂದ. ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಹುಡುಗ. ಉಪ್ಪಿಟ್ಟು ತಿನ್ನುತ್ತಾ ಉತ್ಸಾಹದಲ್ಲಿ ಹೇಳಿದ: "ಅಮೆರಿಕದಲ್ಲಿ ಒಂದು ಲೆಕ್ಕದ ಮಿಷನ್ನು ನೂರೈವತ್ತೇಳು ಅಂಕಿಯ ಅವಿಭಾಜ್ಯ ಸಂಖ್ಯೆ ಕಂಡುಹಿಡಿದಿದೆ, ಎರಡನ್ನ ಎರಡರಿಂದ ಗುಣಿಸ್ತಾ ಹೋಗಿ ಒಂದು ಕಳೆದ್ರೆ ಬರೋದು. ಒಂದು ಮತ್ತೆ ಅದೇ ಸಂಖ್ಯೆ ಬಿಟ್ರೆ ಇನ್ಯಾವುದರಿಂದ್ಲೂ ಅದು ಭಾಗ ಆಗಲ್ಲ."

ಶಿವರುದ್ರಪ್ಪನವರ ಹುಬ್ಬು ಮೇಲೇರಿತು. ಅಷ್ಟುದ್ದದ ಸಂಖ್ಯೆಯನ್ನು ಒಂದೊಂದರಿಂದಲೂ ಭಾಗಿಸಿ ನೋಡಲು ಯಾರಿಗೆ ಆಯಸ್ಸು ಸಾಕು? ಹುಡುಗ ಬುರುಡೆ ಬಿಡುತ್ತಿದ್ದಾನೆ. ಇದರಲ್ಲೇ ಹೀಗಾದರೆ ಸಂಬಳದ ವಿಷಯದಲ್ಲಿ ಇನ್ನೇನು ಹೇಳಿರಬಹುದು?

ಮರುವಾರ ಹೇಳದೆ ಕೇಳದೆ ಮಲ್ಲೇಶ್ವರದ ಅವನ ರೂಮಿಗೇ ಹೋದರು. "ಭಾಗಿಸದೇನೇ ಹೇಗ್ರೀ ಗೊತ್ತಾಗುತ್ತೆ?"

ಮುರುಗೇಶ ಗಾಬರಿಯಾದರೂ ಕುರ್ಚಿ ಒರೆಸಿ ಕೂರಿಸಿದ. "ಆವತ್ತು ಹೇಳಿದ ಹಾಗೆ ಎರಡನ್ನ ಎರಡರಿಂದ ಗುಣಿಸ್ತಾ ಹೋಗಿ, ಕೊನೆಗೆ ಒಂದು ಕಳೆದಾಗ ಬರೋ ಸಂಖ್ಯೆಗಳಿಗೆ ಒಂದು ಪರೀಕ್ಷೆ ಇದೆ. ನಾಲ್ಕರಿಂದ ಶುರು ಮಾಡಿ, ಅದನ್ನ ಅದರಿಂದ್ಲೇ ಗುಣಿಸಿ, ಎರಡು ಕಳೀರಿ. ನಮ್ಮ ಸಂಖ್ಯೆಯಿಂದ ಭಾಗಿಸಿ, ಶೇಷ ಇಟ್ಕೊಂಡು ಮತ್ತೆ ಅದೇ ಕೆಲಸ. ಎಷ್ಟು ಎರಡು ಗುಣಿಸಿದೀವೋ ಅದಕ್ಕಿಂತ ಎರಡು ಕಮ್ಮಿ ಸಲ. ಕೊನೇಲಿ ಸೊನ್ನೆ ಬಂದ್ರೆ ಅವಿಭಾಜ್ಯ."

"೨೦೪೭ಕ್ಕೆ ಮಾಡಿ ನೋಡೋಣ." ಹನ್ನೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ ಅದು. ಅಂಗಡಿಯಲ್ಲಿ ಕೂತು ಹುಡುಕಿ, ಇಪ್ಪತ್ತಮೂರರಿಂದ ಭಾಗವಾಗುತ್ತದೆಂದು ಅವರು ಖಾತ್ರಿ ಮಾಡಿಕೊಂಡೇ ಬಂದಿದ್ದರು.

"ನೀವೇ ಮಾಡಿ," ಎಂದು ಮುರುಗೇಶ ಸ್ಲೇಟು ಕೊಟ್ಟ.

ಒಂಬತ್ತು ಸುತ್ತು ಗುಣಿಸಿದಾಗ ಉಳಿದದ್ದು ೧೭೩೬.

"ಸೊನ್ನೆ ಬರ್ಲಿಲ್ಲ. ಅಂದ್ರೆ ಯಾವುದರಿಂದ್ಲೋ ಭಾಗ ಆಗುತ್ತೆ," ಎಂದ ಮುರುಗೇಶ.

"ಯಾವುದರಿಂದ?"

"ಅದನ್ನ ಈ ಪರೀಕ್ಷೆ ಹೇಳಲ್ಲ."

"ಮನೇಲಿ ಕಳ್ಳ ಇದಾನೆ, ಹೆಸರು ಮಾತ್ರ ಕೇಳ್ಬೇಡಿ ಅಂದಂಗಾಯ್ತು!"

"ಹಾಗೇ ಅನ್ಕೊಳ್ಳಿ. ಇಪ್ಪತ್ತಮೂರು, ಎಂಬತ್ತೊಂಬತ್ತು ಅಂತ ನಂಗೆ ಗೊತ್ತು, ಆದ್ರೆ ಅದು ಪುಸ್ತಕದಲ್ಲಿ ಓದಿದ್ದು."

ಶಿವರುದ್ರಪ್ಪ ಅವನ ಮುಖವನ್ನೇ ನೋಡಿದರು. ಪರೀಕ್ಷೆಯಿಂದಲೇ ತಿಳಿಯಿತು ಎಂದಿದ್ದರೆ ತಾವು ನಂಬಿಬಿಡುತ್ತಿದ್ದೆವಲ್ಲ! ಮನೆಗೆ ಬಂದು ಹೆಂಡತಿ ಕಲ್ಯಾಣಮ್ಮನಿಗೆ ಹೇಳಿದರು: "ಹುಡುಗ ಸುಳ್ಳುಗಾರ ಅಲ್ಲ ಕಣೆ. ಆ ಮಿಷನ್ನಿನ ಮೇಲೆ ಮಾತ್ರ ನಂಗೆ ನಂಬಿಕೆ ಇಲ್ಲ."

ಆದರೂ ಸುಮ್ಮನಿರಲಾಗಲಿಲ್ಲ. ೮೧೯೧ಕ್ಕೆ ಖಂಡಿತ ಸೊನ್ನೆ ಬರುತ್ತದೆ ಎಂದು ಮುರುಗೇಶ ಹೇಳಿ ಕಳಿಸಿದ್ದ. ಮನೆಯಲ್ಲಿ ಕೂತು, ಅಂಗಡಿಯಿಂದ ತಂದ ರಟ್ಟಿನ ಮೇಲೆ ಮಾಡಿ ನೋಡಿದರು, ಸೊನ್ನೆ ಬರಲಿಲ್ಲ. "ಈ ಸಂಬಂಧ ಬೇಡ!" ಎಂದು ಊಟದ ತಟ್ಟೆ ಸರಿಸಿದರು. ಮಹಾನಂದ ರಟ್ಟನ್ನು ಎತ್ತಿಕೊಂಡು ಹಜಾರದಲ್ಲಿ ಕೂತಳು.

ಸ್ವಲ್ಪ ಹೊತ್ತಿಗೆ, "ಅಪ್ಪಾ, ಬೇರೆ ಸಾಲಲ್ಲೆಲ್ಲ ಎರಡು ಕಳೆದಿದೀರಿ, ನಾಲ್ಕನೇ ಸಾಲಲ್ಲಿ ಮಾತ್ರ ಮರ್ತಿದೀರಿ," ಎಂದಳು.

ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ನೋಡಿದರು. ತಮ್ಮ ಕೈಬರಹವೇ. ಅಲ್ಲಿಂದ ಮತ್ತೆ ಶುರುಮಾಡಿದರು, ಈ ಸಲ ಒಂದೊಂದು ಸಾಲನ್ನೂ ಮಗಳಿಗೆ ತೋರಿಸುತ್ತಾ. ಕೊನೆಯ ಸಾಲಿನಲ್ಲಿ ಸೊನ್ನೆ ಬಂದಾಗ, "ಊಟ ಬಡಿಸೇ," ಎಂದು ಕಲ್ಯಾಣಮ್ಮನನ್ನು ಕೂಗಿದರು.