ಐಪಿ ಹಾಕಿದ ನನ್ನ ತಮ್ಮ

ನನ್ನ ತಮ್ಮ ಗಡಿಗೆಪ್ಪನನ್ನು ಮಾನ್ವಿಯಲ್ಲಿ ಈಗ ಯಾರೂ ಶಾಮಿಯಾನದ ಗಡಿಗೆಪ್ಪ ಎನ್ನುವುದಿಲ್ಲ, ಐಪಿ ಗಡಿಗೆಪ್ಪ ಎನ್ನುತ್ತಾರೆ. ಸಾಲ ತೀರಿಸಲು ನನ್ನ ಹತ್ತಿರ ಏನೂ ಉಳಿದಿಲ್ಲ, ಇದ್ದದ್ದನ್ನು ಎಲ್ಲರಿಗೂ ಹಂಚಿ ನನ್ನನ್ನು ಬಿಡಿಸಿರಿ ಎಂದು ಕೋರ್ಟಿಗೆ ಅರ್ಜಿ ಕೊಡುವುದಕ್ಕೆ ನಮ್ಮ ಕಡೆ ಐಪಿ ಹಾಕುವುದು ಎಂದು ಹೆಸರು. ಓದಿದವರು ದಿವಾಳಿ ಎನ್ನುತ್ತಾರಂತೆ. ನಮಗೆ ಈ ಎರಡು ಅಕ್ಷರವೇ ಸಾಕು. ಇವು ಒಮ್ಮೆ ಅಂಟಿದರೆ ಕಿರಾಣಿ ಅಂಗಡಿಯವನು ಬೆಲ್ಲ ತೂಗುವ ಮೊದಲು ಗಿರಾಕಿಯ ಕೈ ನೋಡುತ್ತಾನೆ.

ಗಡಿಗೆಪ್ಪ ಯಾರಿಗೂ ಮೋಸ ಮಾಡಿದವನಲ್ಲ. ಒಡಹುಟ್ಟಿದವಳಾಗಿ ಹೇಳುತ್ತಿದ್ದೇನೆ ಎಂದು ತಿಳಿಯುವವರು ತಿಳಿಯಲಿ.

ನಾವು ಕುರ್ಡಿಯವರು. ನಾನು ಮದುವೆಯಾಗಿ ದೇವದುರ್ಗಕ್ಕೆ ಹೊರಟ ದಿನ ಅವನು ಚಡ್ಡಿ ಜಾರುತ್ತಿದ್ದರೂ ಲೆಕ್ಕಿಸದೆ ಬಂಡಿಯ ಹಿಂದೆ ಓಡಿ ಬಂದಿದ್ದ. ಹಳ್ಳದ ತನಕ ಬಂದವನನ್ನು ಅಪ್ಪ ಎತ್ತಿಕೊಂಡು ಹಿಂದಕ್ಕೆ ಒಯ್ದರು. ಅಪ್ಪ ತೀರಿದ ಮೇಲೆ ಮಾನ್ವಿಗೆ ಬಂದು ಒಂದು ಶಾಮಿಯಾನದ ಅಂಗಡಿಯಲ್ಲಿ ಬೊಂಬು ಹೊರಲು ನಿಂತ. ಅವನ ಬಲ ಹೆಗಲು ಎಡಕ್ಕಿಂತ ಒಂದಿಷ್ಟು ಇಳಿದಿರುವುದು ಆ ಬೊಂಬುಗಳಿಂದ. ಎಷ್ಟೋ ವರ್ಷ ಹೊತ್ತ ಮೇಲೆ ಸ್ವಂತ ಅಂಗಡಿ ಹಾಕಿದ. ಮೊದಲು ಹರಕು ಪರದೆ, ತಗಡಿನ ಕುರ್ಚಿ, ಅಡಿಗೆಯ ಕೊಪ್ಪರಿಗೆಗಳು. ಆಮೇಲೆ ಒಂದೊಂದೇ ಕೂಡಿದವು. ಉಮಾಶ್ರೀಯಂಥ ಗಟ್ಟಿ ಹೆಣ್ಣು ಹೆಂಡತಿಯಾಗಿ ಬಂದಳು. ಪರದೆ ಹರಿದರೆ ಅವಳೇ ಹೊಲಿಯುತ್ತಿದ್ದಳು.

ಒಂದು ನೇಮ ಮಾತ್ರ ಅವನು ಬಿಡಲಿಲ್ಲ. ಸಾವಿನ ಮನೆಗೆ ಹಾಕಿದ ಶಾಮಿಯಾನಕ್ಕೆ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಅದೇ ಊರಿನಲ್ಲಿ ಅದೇ ಕಸುಬಿನ ಮಹಮ್ಮದ್ ಹುಸೇನ್ ಅವನ ಗೆಳೆಯ. ಚಹಾ ಕುಡಿಯುವಾಗಲೆಲ್ಲ ಕಾಡುತ್ತಿದ್ದ.

"ಲೇ ಗಡಿಗೆಪ್ಪ, ಹಿಂಗ ಮಾಡೋಣು. ಸತ್ತವ್ರನ್ನ ನೀ ನೋಡ್ಕೋ, ಲಗ್ನ ನನಗ ಬಿಡು. ಇಬ್ರಿಗೂ ಕೈತುಂಬ ಕೆಲಸ."

"ಕೈತುಂಬ ಕೆಲಸ ನನಗ, ಕಿಸೆ ತುಂಬ ರೊಕ್ಕ ನಿನಗ. ಹೋಗಲೇ!"

ಊರ ಜನ ಕಲ್ಯಾಣಮಂಟಪದ ಕಡೆ ತಿರುಗಿದಾಗ ಇವನಿಗೂ ಹೊಸ ಸಾಮಾನು ಬೇಕಾಯಿತು. ಬಿಳಿ ಪರದೆ, ಬಣ್ಣದ ದೀಪ, ದೊಡ್ಡ ಜನರೇಟರು, ಮದುಮಕ್ಕಳು ಕೂರುವ ಸಿಂಹಾಸನದಂಥ ಸೋಫಾ. ಫೈನಾನ್ಸಿನಿಂದ ಸಾಲ ಎತ್ತಿದ. ಸಾಲದ್ದಕ್ಕೆ ಅಕ್ಕಿ ಮಿಲ್ಲಿನ ಮೌನೇಶನಿಂದ ಕೈಗಡ ತಂದ. ಆ ಸೋಫಾದ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ, ಕೊರೋನಾ ಬಂತು.

ಎರಡು ಬೇಸಿಗೆ ಹೋದವು. ಮದುವೆಗಳು ಮನೆಯ ಪಡಸಾಲೆಯಲ್ಲಿ ಮುಗಿದವು. ಜನ ಸಾಯುವುದಂತೂ ನಿಲ್ಲಲಿಲ್ಲ. ಅವನನ್ನು ಕರೆಯುತ್ತಿದ್ದವರು ಸಾವಿನ ಮನೆಯವರು ಮಾತ್ರ, ಅಲ್ಲಿ ಬಾಡಿಗೆಯಿಲ್ಲ. ದೇವರು ಅವನ ನೇಮವನ್ನು ಕೇಳಿಸಿಕೊಂಡು ನಕ್ಕಿರಬೇಕು.

ಆಗ ನನ್ನ ಬೋರಮಾಳ ಸರ ಬಿಚ್ಚಿ ಅವನ ಕೈಗೆ ಹಾಕಿದೆ. ಯಜಮಾನರು ಇದ್ದಾಗ ಮಾಡಿಸಿದ ಚಿನ್ನದ ಗುಂಡಿನ ಸರ. ಅವನು ಮುಖ ತಿರುಗಿಸಿ ನಿಂತ.

"ಅಕ್ಕಾ, ಇದನ್ನ ಸಾಲ ಅಂತ ತಿಳೀಬ್ಯಾಡ. ನಿನ್ನ ಸರ ನಿನ್ನ ಕೊಳ್ಳಾಗ ತಂದು ಹಾಕ್ತೀನಿ."

"ಸಾಲ ಅಂತ ಯಾರಂದ್ರು? ತಮ್ಮಗ ಸಾಲ ಕೊಡಾಕ ನಾ ಏನು ಬ್ಯಾಂಕಿನಾಕಿ ಏನು?"

ಅದನ್ನು ಮಾರಿ ಕಂತು ತುಂಬಿದ. ಮುಂದಿನ ಕಂತು ಬಂದೇ ಬಂತು. ಫೈನಾನ್ಸಿನವರು ಜನರೇಟರು ಎಳೆದುಕೊಂಡು ಹೋದರು. ಮೌನೇಶ ಒಂದು ದಿನ ಅಂಗಡಿಗೆ ಬಂದು ಆ ಮದುಮಗನ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತನಂತೆ.

"ರೊಕ್ಕ ಎಣಿಸೋತನಕ ಏಳಂಗಿಲ್ಲಪಾ. ಹೆಂಡ್ತಿನ್ನ ಕರಿ, ಆರತಿ ಮಾಡ್ಲಿ."

ಉಮಾಶ್ರೀ ಒಳಗಿನಿಂದ ಕಸಬರಿಗೆ ಹಿಡಿದು ಬಂದಳು. "ಆರತಿ ತಟ್ಟಿ ಮಾರೇವ್ರೀ ಸಾಹುಕಾರ, ಇದು ಉಳದದ. ನಡೀತದ?" ಎಂದಳು. ಅವನು ಎದ್ದು ಹೋದ. ಅವಳು ಗೆದ್ದಳು ಎಂದು ಓಣಿಯವರು ನಕ್ಕರು. ಅದರ ಬೆಲೆ ಮುಂದೆ ತಿಳಿಯಿತು.

ಐಪಿ ಹಾಕು ಎಂದು ಯಾರೋ ಹೇಳಿದರು. ಗಂಡ, ಹೆಂಡತಿ, ನಾನು ಮೂವರೂ ರಾಯಚೂರಿಗೆ ಹೋಗಿ ಸಂಜೀವ ಎಂಬ ದೊಡ್ಡ ವಕೀಲರನ್ನು ಕಂಡೆವು. ಕೋಣೆ ತಣ್ಣಗಿತ್ತು. ಅವರು ಮೊಬೈಲಿನಿಂದ ತಲೆ ಎತ್ತದೆ ಕೇಳಿದರು.

"ಆಸ್ತಿ ಏನದ?"

"ಪರದಿ, ಬೊಂಬು, ಕುರ್ಚಿ, ಅಡಿಗಿ ಪಾತ್ರಿ ಅದಾವ್ರೀ. ಮನಿ ಬಾಡಿಗಿದು."

"ಎಲ್ಲಾ ಹೆಂಡ್ತಿ ತಮ್ಮನ ಹೆಸರಿಗೆ ಮಾರಿದಂಗ ಬರಿ. ಹಳೇ ತಾರೀಖಿನ ಛಾಪಾ ಕಾಗದ ನಾ ಕೊಡಸ್ತೀನಿ. ಬರಿಗೈಲೆ ಐಪಿ ಹಾಕು. ಯಾವನೂ ಏನೂ ಕಿತ್ಕೊಳ್ಳಂಗಿಲ್ಲ."

ಮೆಟ್ಟಿಲು ಇಳಿಯುವಾಗ ಗಡಿಗೆಪ್ಪ ಹೇಳಿದ. "ಸಾಲಗಾರ ಅಂತ ಅನ್ನಿಸಿಕೊಂಡು ಸಾಯ್ತೀನಿ ಅಕ್ಕಾ. ಕಳ್ಳ ಅನ್ನಿಸಿಕೊಳ್ಳಾಕ ಒಲ್ಲೆ."

ಆ ವರ್ಷದ ಶ್ರಾವಣ ಬಂತು. ಪಂಚಮಿಗೆ ತವರಿನಿಂದ ಕರೆಯಲು ಯಾರೂ ಬರಲಾರರು ಎಂದು ನಾನು ತಿಳಿದಿದ್ದೆ. ಅವನು ಬಂದ. ಮಾನ್ವಿಗೆ ಕರೆದುಕೊಂಡು ಹೋಗಿ ಉಂಡಿ ತಿನ್ನಿಸಿ, ನಾಗಪ್ಪನಿಗೆ ಹಾಲೆರೆದ ಮೇಲೆ ಒಂದು ಬೋರಮಾಳ ಸರ ತಂದು ನನ್ನ ಕೊರಳಿಗೆ ಹಾಕಿದ. ಹಳೆಯದರಂತೆಯೇ ಹೊಸದಾಗಿ ಮಾಡಿಸಿದ್ದು. ಕೊಪ್ಪರಿಗೆಗಳನ್ನೆಲ್ಲ ಮಹಮ್ಮದ್ ಹುಸೇನನಿಗೆ ಮಾರಿದ್ದ.

"ಯಾಕ ಮಾಡಿದ್ಯೋ ತಮ್ಮಾ?"

"ಉಳಿದವ್ರಿಗೆಲ್ಲ ಕೈ ಎತ್ತತೀನಿ. ಅಕ್ಕಗ ಹೆಂಗ ಎತ್ತಲಿ? ತವರ ಮನಿಯಿಂದ ಹೆಣ್ಮಗಳು ಬರೀ ಕೊರಳಿಲೆ ಹೋದ್ರ ಆ ಮನಿ ಉದ್ಧಾರ ಆಗತದೇನು?"

ಇದಾದ ಕೆಲವು ದಿನಕ್ಕೆ ಮಹಮ್ಮದ್ ಹುಸೇನ್ ತನ್ನ ಬೀಗರ ಪೈಕಿ ವಕೀಲೆ ಒಬ್ಬಳಿದ್ದಾಳೆಂದು ಹೇಳಿದ. ಹೆಸರು ತಹಮೀನಾ. ರಾಯಚೂರಿನಲ್ಲಿ ಮನೆಯ ಕೆಳಗಿನ ಕೋಣೆಯೇ ಅವಳ ಆಫೀಸು. ಬೀಸಣಿಗೆ ಕಿರ್‍ರೆನ್ನುತ್ತಿತ್ತು. ಅವಳು ಕೇಳಿದ ಮೊದಲ ಮಾತು, "ಊಟ ಮಾಡಿ ಬಂದೀರೇನ್ರೀ?" ಎರಡನೆಯದು, "ಅಣ್ಣಾರ, ನಿದ್ದಿ ಬರತದ?" ಎರಡನೆಯದಕ್ಕೆ ಉಮಾಶ್ರೀ ಸೆರಗು ಬಾಯಿಗಿಟ್ಟುಕೊಂಡಳು. ಸೋಫಾದ ಮುಂದೆ ಕಸಬರಿಗೆ ಹಿಡಿದು ನಿಂತವಳು ಇಲ್ಲಿ ಅತ್ತಳು.

ತಹಮೀನಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಅರ್ಜಿ ಹಾಕಿದರೆ ಮೈಮೇಲೆ ಬರುವವರನ್ನು ತಡೆಯಲು ಕೋರ್ಟಿಗೆ ಕೇಳಬಹುದು. ಇದ್ದ ಸಾಮಾನನ್ನು ಕೋರ್ಟಿನ ಅಧಿಕಾರಿ ಮಾರಿ ಎಲ್ಲರಿಗೂ ಅವರವರ ಪಾಲು ಹಂಚುತ್ತಾನೆ. ಆಮೇಲೆ ಬಿಡುಗಡೆ.

"ಐಪಿ ಹಾಕೋದು ತಪ್ಪಲ್ಲ ಅಣ್ಣಾರ. ಮುಚ್ಚಿಟ್ಟು ಹಾಕೋದು ತಪ್ಪು. ಈಗ ಒಂದು ಖರೇ ಹೇಳ್ರಿ. ಈ ಮೂರು ತಿಂಗಳದಾಗ ಯಾರದಾದ್ರೂ ಸಾಲ ತೀರಿಸೀರೇನು? ಒಬ್ರಿಗೆ ಕೊಟ್ಟು ಉಳಿದವ್ರಿಗೆ ಇಲ್ಲ ಅಂದ್ರ ಕೋರ್ಟು ಒಪ್ಪಂಗಿಲ್ಲ."

"ಯಾರದೂ ತೀರಿಸಿಲ್ರೀ ಮೇಡಂ. ಒಂದು ಪೈಸಾ ಇಲ್ಲ."

ನಾನು ಪಕ್ಕದಲ್ಲೇ ಕೂತಿದ್ದೆ, ಸರ ಕೊರಳಿನಲ್ಲೇ ಇತ್ತು. ಅವನ ಮಾತಿನಲ್ಲಿ ನನಗೆ ಸುಳ್ಳು ಕೇಳಿಸಲಿಲ್ಲ, ಇವತ್ತಿಗೂ ಕೇಳಿಸುವುದಿಲ್ಲ. ಮೌನೇಶನ ಹತ್ತಿರ ತಂದದ್ದು ಸಾಲ, ಫೈನಾನ್ಸಿನದು ಸಾಲ. ಅಕ್ಕನ ಸರಕ್ಕೆ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಹಚ್ಚಿರಲಿಲ್ಲ. ಪಂಚಮಿಗೆ ತಮ್ಮ ಹಾಕಿದ್ದು ತವರಿನ ಉಡುಗೊರೆ. ಕಾಯ್ದೆಯ ಮಾತಿನಲ್ಲಿ ಅದಕ್ಕೆ ಬೇರೆ ಹೆಸರಿದೆ ಎಂದು ನಮ್ಮಂಥವರಿಗೆ ಹೇಗೆ ಹೊಳೆಯಬೇಕು?

ಅರ್ಜಿ ಹಾಕಿದೆವು. ಕೆಲವು ತಿಂಗಳು ಯಾರೂ ಬಾಗಿಲು ಬಡಿಯಲಿಲ್ಲ. ಗಡಿಗೆಪ್ಪನ ಮುಖಕ್ಕೆ ನೆತ್ತರು ಬಂತು. ಅಷ್ಟರಲ್ಲಿ ದೇವದುರ್ಗದಲ್ಲಿ ನಮ್ಮ ಓಣಿಯ ಒಂದು ತೊಟ್ಟಿಲ ಕಾರ್ಯಕ್ಕೆ ಮೌನೇಶನ ಹೆಂಡತಿ ಬಂದಿದ್ದಳು. "ಸರ ಭಾಳ ಚಂದ ಅದಲ್ರೀ ಬಸವಂತಮ್ಮಾರ, ಹೊಸಾದೇನು? ಯಾರು ಮಾಡಿಸಿದ್ರು?" ಎಂದು ಕೇಳಿದಳು. "ನನ್ನ ತಮ್ಮ" ಎಂದೆ. ತವರು ಇದ್ದ ಯಾವ ಹೆಣ್ಣು ಬೇರೆ ಮಾತು ಹೇಳುತ್ತಾಳೆ?

ಮೌನೇಶ ಕೋರ್ಟಿನಲ್ಲಿ ತಕರಾರು ಹಾಕಿದ. ಪಾತ್ರೆ ಮಾರಿದ ಹಣ ಅಕ್ಕನ ಕೊರಳಿಗೆ ಹೋಗಿದೆ, ಇವನು ಮೋಸಗಾರ, ಅರ್ಜಿ ತಳ್ಳಿಹಾಕಿ ಎಂದು. ಅವನ ವಕೀಲರು ಯಾರು? ಆ ತಣ್ಣನೆಯ ಕೋಣೆಯ ಸಂಜೀವ! ಹಳೇ ತಾರೀಖಿನ ಕಾಗದ ಕೊಡಿಸಲು ಬಂದವರು ಈಗ ಪ್ರಾಮಾಣಿಕತೆಯ ಬಗ್ಗೆ ಮಾತಾಡಲು ನಿಂತಿದ್ದರು. ನಾವು ಅವರಿಗೆ ಫೀಸು ಕೊಟ್ಟಿರಲಿಲ್ಲವಂತೆ, ಅದಕ್ಕೆ ನಮ್ಮ ವಕೀಲರಾಗಿರಲಿಲ್ಲವಂತೆ.

ನನ್ನನ್ನು ಸಾಕ್ಷಿಗೆ ಕರೆದರು. ಆ ದಿನ ಬೆಳಿಗ್ಗೆ ಕೋರ್ಟಿನ ಬೇವಿನ ಮರದ ಕೆಳಗೆ ಗಡಿಗೆಪ್ಪ ನನ್ನ ಕೈ ಹಿಡಿದ.

"ಅಕ್ಕಾ, ಮೊದಲಿಂದ ನಿಂದೇ ಸರ ಅನ್ನು. ಮಾವ ಇದ್ದಾಗ ನಿನಗ ಮಾಡಿಸಿದ್ದು ಅನ್ನು. ಮುಗೀತು."

ತಹಮೀನಾ ಕೇಳಿಸಿಕೊಂಡಳು. "ಅಣ್ಣಾರ, ಅಕ್ಕಸಾಲಿಗನ್ನ ಅವ್ರು ಕರಸ್ಯಾರ. ಅಮ್ಮ ಸುಳ್ಳು ಹೇಳಿದ್ರ ಇಬ್ರೂ ಮುಳಗತೀರಿ. ಅಮ್ಮಾ, ಆ ಸರ ಕೋರ್ಟಿಗೆ ಕೊಟ್ಟು ಇದ್ದದ್ದು ಇದ್ದಂಗ ಹೇಳ್ರಿ. ಅವಾಗ ಇವ್ರು ಮೋಸ ಮಾಡಿಲ್ಲ, ತಿಳೀದ ಆಗೇದ ಅಂತ ನಾ ನಿಂತು ಹೇಳ್ತೀನಿ. ನನಗ ಬರೋದು ಅಷ್ಟೇ."

"ಮೇಡಂ, ನೀವು ಸುಮ್ನಿರ್ರಿ! ತವರಿಂದ ಹಾಕಿದ್ದು ತಿರುಗಿ ಇಸಗೊಂಡ್ರ ನಾ ಯಾವ ಗಂಡಸು?" ಅವನ ದನಿಗೆ ಮಂದಿ ತಿರುಗಿ ನೋಡಿದರು.

ಕಟಕಟೆ ಹತ್ತಿದೆ. ಸಂಜೀವ ವಕೀಲರು ನಗುತ್ತ ಬಂದರು.

"ನೋಡ್ರಮ್ಮಾ, ನಿಮ್ಮ ಹಳೇ ಸರ ತಮ್ಮಗ ಕೊಟ್ಟಿದ್ರಿ. ಅದರ ಬದಲಿಗೆ ಅವ್ರು ಇದನ್ನ ಕೊಟ್ಟಾರ. ಅಂದ್ರ ನಿಮ್ಮ ಸಾಲ ತೀರಿಸ್ಯಾರ. ಹೌದೋ ಅಲ್ಲೋ?"

"ಸಾಲ ಅಲ್ರೀ."

"ಮತ್ತ ಏನದು?"

ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಇದ್ದ ಹೆಸರನ್ನು ಅಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ. ಬಾಗಿಲ ಹತ್ತಿರ ನಿಂತ ತಮ್ಮನನ್ನು ನೋಡಿದೆ. ಅರ್ಜಿ ಬಿದ್ದುಹೋದರೆ ನಾಳೆಯಿಂದಲೇ ಮತ್ತೆ ಬಾಗಿಲು ಬಡಿಯುತ್ತಾರೆ. ಅವನು ಹಗ್ಗ ಕಟ್ಟುವ ಕಸುಬಿನವನು. ಉಮಾಶ್ರೀ ಎಷ್ಟೋ ದಿನದಿಂದ ಹಗ್ಗದ ಸುರುಳಿಗಳನ್ನು ಅವನ ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ಬಚ್ಚಿಡುತ್ತಿದ್ದಳು. ಅದು ನನಗೆ ಗೊತ್ತಿತ್ತು.

"ಹೌದ್ರೀ, ಸಾಲ" ಎಂದೆ. "ಅವಗ ತಿಳೀಲಿಲ್ಲ. ತಗೋರ್ರಿ."

ಯಜಮಾನರು ಹೋದ ದಿನ ನನ್ನ ಕೊರಳಿನ ತಾಳಿಯನ್ನು ಹೆಂಗಸರು ಬಿಚ್ಚಿದ್ದರು. ಈ ಸಲ ನಾನೇ ಬಿಚ್ಚಿದೆ. ಹಿಂದಿನಿಂದ "ಅಕ್ಕಾ, ತಗೀಬ್ಯಾಡ!" ಎಂದು ಅವನು ಕೂಗಿದ. ಪೊಲೀಸಿನವನು ಸುಮ್ಮನಿರು ಎಂದು ಗದರಿದ.

ತಹಮೀನಾ ಮಾತಿಗೆ ತಪ್ಪಲಿಲ್ಲ. ಇವನಲ್ಲಿ ಕಪಟವಿಲ್ಲ ಎಂದು ಜಡ್ಜ್ ಸಾಹೇಬರು ಒಪ್ಪಿದರು. ಅರ್ಜಿ ಉಳಿಯಿತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅಂಥ ವಕೀಲೆ ಸಿಕ್ಕದ್ದರಿಂದಲೇ ನನ್ನ ತಮ್ಮ ಉಸಿರಾಡುತ್ತಿದ್ದಾನೆ. ಆದರೆ ಉಸಿರಾಟದ ಆಚೆ ಇರುವುದನ್ನು ಉಳಿಸುವುದು ಯಾವ ವಕೀಲರ ಕೈಯಲ್ಲಿದೆ?

ಹೊರಗೆ ಬಂದಾಗ ಅವನು ನನ್ನ ಮುಖ ನೋಡದೆ ಹೇಳಿದ.

"ಎಲ್ಲಾರ ಸಾಲಿನ್ಯಾಗ ಹೋಗಿ ನಿಂತಿ. ಆ ಮೌನೇಶನ ಬಾಜೂಕ. ಇವತ್ತಿಂದ ನೀ ಸಾಲ ಕೊಟ್ಟಾಕಿ, ನಾ ಸಾಲಗಾರ. ನನಗ ಅಕ್ಕ ಇಲ್ಲ."

"ಹುಚ್ಚಪ್ಪಾ, ನೀ ಬದುಕಲಿ ಅಂತ—"

"ಬದುಕೀನಲ್ಲ, ನೋಡು!"

ಉಮಾಶ್ರೀ ನಡುವೆ ಬಂದಳು. ಅವಳನ್ನೂ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಸಾಮಾನು, ಸೋಫಾ, ನನ್ನ ಸರ ಎಲ್ಲ ಮಾರಾಟವಾದವು. ಮೌನೇಶನಿಗೆ ಬಂದ ಪಾಲು ಅವನು ವಕೀಲರಿಗೆ ಕೊಟ್ಟ ಫೀಸಿಗೂ ಸಾಲಲಿಲ್ಲವಂತೆ. ಕಾಯ್ದೆಯ ಪ್ರಕಾರ ನನಗೂ ಒಂದು ಪಾಲು ಬಂತು. ನನ್ನದೇ ಸರದಲ್ಲಿ ನನಗೆ ಪಾಲು! ಒಂದು ಗುಂಡಿನ ಬೆಲೆ ಇದ್ದೀತೋ ಇಲ್ಲವೋ. ಸಹಿ ಮಾಡಿ ತೆಗೆದುಕೊಳ್ಳಿ ಎಂದರು, ಮಾಡಿದೆ. ಆ ಹಣದಲ್ಲಿ ಜೋಳ ತಂದು ರೊಟ್ಟಿ ಬಡಿದು ತಿಂದೆ. ಹೊಟ್ಟೆಗೆ ರೋಷವಿಲ್ಲ.

ಗಡಿಗೆಪ್ಪ ಈಗ ಮಹಮ್ಮದ್ ಹುಸೇನನ ಹತ್ತಿರ ಕೂಲಿಗೆ ಹೋಗುತ್ತಾನೆ. ಹಳೆಯ ಗೆಳೆಯ ಅವನನ್ನು ಲೇ ಎನ್ನುವುದನ್ನು ಬಿಟ್ಟಿದ್ದಾನಂತೆ. ಕರುಣೆ ತೋರಿಸಿ ಕೊಲ್ಲುವುದು ಎಂದರೆ ಅದೇ. ಪಂಚಮಿಗಳು ಬಂದವು, ಹೋದವು. ಉಮಾಶ್ರೀ ಗಂಡನಿಗೆ ತಿಳಿಯದಂತೆ ಫೋನು ಮಾಡುತ್ತಾಳೆ. ಉಂಡಿರಾ ಎಂದು ಕೇಳುತ್ತಾಳೆ, ಹೂಂ ಎನ್ನುತ್ತೇನೆ.

ಕಳೆದ ಬೇಸಿಗೆಯಲ್ಲಿ ದೇವದುರ್ಗದ ಒಂದು ಮದುವೆಗೆ ಹೋಗಿದ್ದೆ. ಶಾಮಿಯಾನ ಮಾನ್ವಿಯಿಂದ ಬಂದಿತ್ತು. ಜನ ತುಂಬಿದ್ದರು. ಮೊಣಕಾಲು ನೋವಿಗೆ ಬೊಂಬು ಹಿಡಿದು ನಿಂತಿದ್ದೆ. ಒಬ್ಬ ಕೂಲಿಯವನು ಹೆಗಲ ಮೇಲೆ ಕುರ್ಚಿಗಳನ್ನು ಪೇರಿಸಿಕೊಂಡು ಬಂದ. ಆ ಇಳಿದ ಹೆಗಲನ್ನು ದೂರದಿಂದಲೇ ಗುರುತಿಸಿದೆ. ಅವನೂ ನನ್ನನ್ನು ಕಂಡ. ಒಂದು ಕುರ್ಚಿ ಬಿಡಿಸಿ, ತೋಳಿನಿಂದ ಧೂಳು ಒರೆಸಿ, ನನ್ನ ಮುಂದೆ ಇಟ್ಟ.

"ಕುಂದರ್ರಿ ಯವ್ವಾ" ಎಂದ. ಹಾದಿಯಲ್ಲಿ ಹೋಗುವ ಯಾವುದೋ ಮುದುಕಿಗೆ ಹೇಳಿದ ಹಾಗೆ.

ಕೂತುಬಿಟ್ಟೆ. ನಿಂತೇ ಇದ್ದಿದ್ದರೆ ಇನ್ನೊಂದು ಸಲ ಹಾಗೆಯೇ ಕರೆಯುತ್ತಿದ್ದ.