ಉಪ್ಪಿಲ್ಲದ ಅಗಸಿ ಚಟ್ನಿ

ಮಂಗಳೂರಿನಿಂದ ವರ್ಗವಾಗಿ ಬಂದು ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳತೊಡಗಿದ ಮೊದಲ ದಿನ, ಊಟದ ಬಿಡುವಿನಲ್ಲಿ ಡಬ್ಬಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಇತಿಹಾಸದ ಉಪನ್ಯಾಸಕಿ ಗೌರಕ್ಕ ಕೇಳಲೂ ಇಲ್ಲ, ಹೇಳಲೂ ಇಲ್ಲ. ನನ್ನ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಮುರಿದುಕೊಂಡು, ಖಾಲಿಯಾದ ಜಾಗಕ್ಕೆ ಒಂದು ಚಮಚ ಕಪ್ಪು ಪುಡಿ ಸುರಿದರು. "ಗುರೆಳ್ಳ ಚಟ್ನಿರಿ, ತಿನ್ರಿ." ಮಂಗಳೂರಿನಲ್ಲಿ ವರ್ಷಾನುಗಟ್ಟಲೆ ಜೊತೆಗೆ ದುಡಿದವರೂ ನನ್ನ ಡಬ್ಬಿಗೆ ಕೈಹಾಕಿದ್ದಿಲ್ಲ.

ಇಲ್ಲಿ ಬುತ್ತಿ, ಅಂದರೆ ಕಟ್ಟಿ ತಂದ ಊಟ, ಬಿಚ್ಚಿದ ಮೇಲೆ ಒಬ್ಬರದಲ್ಲ. ರೊಟ್ಟಿ ಒಬ್ಬರದು, ಪಲ್ಯ ಇನ್ನೊಬ್ಬರದು, ಚಟ್ನಿ ಎಲ್ಲರದು. ಪದ್ಧತಿ ಚೆಂದವೇ. ಆದರೆ ನನಗೆ ರಕ್ತದೊತ್ತಡ. ಉಪ್ಪು ಮುಟ್ಟಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೊಸ ಊರಿಗೆ ಬಂದವಳು ಬಂದ ದಿನವೇ ಕಾಯಿಲೆಯ ಪುರಾಣ ಬಿಚ್ಚುವುದು ಹೇಗೆ? ಒಂದು ವಾರ ಎಲ್ಲರ ಚಟ್ನಿ ತಿಂದೆ, ತಲೆ ಸಿಡಿಯಿತು. ಆಮೇಲೆ ಗ್ರಂಥಾಲಯದ ಮೂಲೆಯಲ್ಲಿ ಒಬ್ಬಳೇ ಉಣ್ಣತೊಡಗಿದೆ.

ಬ್ರೆಡ್ಡಿಗೆ ಹಚ್ಚಲು ಏನಾದರೂ ಬೇಕಲ್ಲ. ಮಂಗಳೂರಿನಲ್ಲಿ ಉಪ್ಪು ಕಡಿಮೆಯ ಸಾಸ್ ಒಂದೆರಡು ಅಂಗಡಿಯಲ್ಲಿ ಸಿಗುತ್ತಿತ್ತು. ಇಲ್ಲಿ ಕೇಳಿದರೆ ಅಂಗಡಿಯವರು ಕನಿಕರದಿಂದ ನೋಡಿದರು. "ಉಪ್ಪ ಕಡಿಮಿದ್ದು ಯಾರ ಒಯ್ತಾರ್ರಿ ಬಾಯಾರ?" ಹತ್ತಿರದ ಬನಹಟ್ಟಿಗೆ ಹೋದಾಗ ಅಲ್ಲಿಯೂ ವಿಚಾರಿಸಿದೆ, ಅದೇ ಕಥೆ. ಬಾಟಲಿಯ ಬೆನ್ನು ಓದುವುದು ಅಭ್ಯಾಸವಾಯಿತು. ಸಿಹಿಯಾದ ಟೊಮೆಟೊ ಸಾಸಿನಲ್ಲೂ ಉಪ್ಪು ಅಡಗಿರುತ್ತದೆ. ಸೋಯಾ ಸಾಸಂತೂ ಬಣ್ಣ ಬಳಿದ ಉಪ್ಪುನೀರು. ಕೊನೆಗೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಬೆಳ್ಳುಳ್ಳಿ, ಮೆಣಸಿನ ಪುಡಿ, ಲಿಂಬೆರಸ ಕಲಸಿ ಹಚ್ಚಿಕೊಂಡೆ. ನಾಲಿಗೆ ಹೇಗೋ ಒಪ್ಪಿತು, ಆದರೆ ಒಬ್ಬಳೇ ಉಣ್ಣುವುದು ಒಗ್ಗಲಿಲ್ಲ.

ಒಂದು ಮಧ್ಯಾಹ್ನ ಗೌರಕ್ಕ ಗ್ರಂಥಾಲಯಕ್ಕೇ ಬಂದು ಎದುರಿಗೆ ನಿಂತರು.

"ಮೇಡಂ, ಖರೆ ಹೇಳ್ರಿ. ನಮ್ಮ ಕೈಯಾಗಿಂದು ನಿಮಗ ನಡಿಯಂಗಿಲ್ಲೇನ್ರಿ?"

ಜಾತಿಯ ಲೆಕ್ಕದಲ್ಲಿ ನಾನು ದೂರ ಕೂತಿದ್ದೇನೆ ಎಂದು ಅವರೆಲ್ಲ ತಿಳಿದಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅಯ್ಯ ಶಿವನ! ಬಾಯಿ ಬಿಟ್ಟ ಹೇಳಿದ್ರ ಏನ ಆಗತಿತ್ರಿ? ನಾವ ಎಷ್ಟ ಮನಸಿಗೆ ಹಚಗೊಂಡಿದ್ವಿ!"

ಸೋಮವಾರ ಅವರು ಅಗಸಿ ಚಟ್ನಿ ತಂದರು. ಹುರಿದ ಅಗಸೆ ಬೀಜ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಎಲ್ಲ ಇತ್ತು, ಉಪ್ಪು ಇರಲಿಲ್ಲ. ತಾವೇ ಮೊದಲು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. "ಸಪ್ಪಗ ಆತು. ಹುಣಸಿಹಣ್ಣ ಇನ್ನಷ್ಟ ಬೇಕಿತ್ತು." ಮರುದಿನ ಹುಳಿ ಏರಿತು, ರುಚಿಯೂ ಬಂತು. ನನ್ನ ಮೊಸರಿನ ಜೊತೆ ಕಲಸಿ ಬ್ರೆಡ್ಡಿಗೆ ಹಚ್ಚಿದರೆ ಯಾವ ಬಾಟಲಿಯೂ ಬೇಡ. ಅಂದಿನಿಂದ ನಾನು ಮತ್ತೆ ಎಲ್ಲರ ಮೇಜಿಗೆ ಬಂದೆ, ಎಲ್ಲರ ಚಟ್ನಿಯೂ ಉಪ್ಪಿಲ್ಲದೆ ಬಂತು, ಮೇಜಿನ ನಡುವೆ ಒಂದು ಬಟ್ಟಲು ಉಪ್ಪು ಬಂದು ಕೂತಿತು. "ಬೇಕಾದವ್ರು ಮ್ಯಾಲ ಹಾಕ್ಕೋರಿ," ಎಂದು ಗೌರಕ್ಕನ ಅಪ್ಪಣೆ.

ಹಾಗೆಂದು ಎಲ್ಲವೂ ಸರಿಹೋಯಿತು ಎನ್ನಲಾರೆ. ಸಸ್ಯಾಹಾರಿಗಳ ಆ ಮೇಜಿನಲ್ಲಿ ಬಂಗುಡೆ ಮೀನಿನ ಹೆಸರೆತ್ತುವಂತಿಲ್ಲ. ಸಂಜೆಯ ಹೊತ್ತು ಅದರ ಪುಳಿಮುಂಚಿಯ, ಆ ಹುಳಿಖಾರದ ಸಾರಿನ ನೆನಪಾಗಿ ಜೀವ ಚಡಪಡಿಸುತ್ತದೆ.

ಬೇಸಿಗೆ ರಜೆಗೆ ಮಂಗಳೂರಿಗೆ ಹೋದಾಗ ಮನೆ ತುಂಬ ಆ ಘಮ. ತಮ್ಮನ ಹೆಂಡತಿ ಎಲ್ಲರಿಗೂ ದೊಡ್ಡ ಪಾತ್ರೆಯಿಂದ ಬಡಿಸಿ, ನನ್ನ ಮುಂದೆ ಪುಟ್ಟದೊಂದು ಪಾತ್ರೆ ಇಟ್ಟಳು. "ಇದು ನಿಮಗೆ ಬೇರೆಯೇ ಮಾಡಿದ್ದು ಅಕ್ಕ, ಉಪ್ಪು ಹಾಕಲೇ ಇಲ್ಲ." ಎಷ್ಟು ಪ್ರೀತಿಯಿಂದ ಮಾಡಿದ್ದಳು! ಮೀನೂ ಚೆನ್ನಾಗಿತ್ತು. ಹುಟ್ಟಿದ ಮನೆಯಲ್ಲಿ ನಾನು ನೆಂಟರಂತೆ ಉಂಡೆ, ದುಃಖವಾಯಿತು.

ಕೈ ತೊಳೆಯುವಷ್ಟರಲ್ಲಿ ಗೌರಕ್ಕನ ಫೋನು. "ಊರಿಗೆ ಯಾವಾಗ ಬರ್ತೀರಿ?"

ಯಾವ ಊರಿಗೆ ಎಂದು ನಾನು ಕೇಳಲಿಲ್ಲ. ಒಳಗೆ ತಮ್ಮನ ಹೆಂಡತಿ ನನ್ನ ಪುಟ್ಟ ಪಾತ್ರೆಯನ್ನು ಬೇರೆಯಾಗಿ ತೊಳೆದಿಡುತ್ತಿದ್ದಳು, ನಾಳೆಗೆ ಬೇಕಲ್ಲ ಎಂದು.